ರಾತ್ರಿ ಪುಸ್ತಕ: ನಾಲ್ಕು ಪ್ರತಿ ಇಡೀ ಕ್ಲಾಸಿಗೆ ಸಾಕಾಗಿದ್ದು ಹೇಗೆ

ಸಂಜೆ ಐದಕ್ಕೆ ಪುಸ್ತಕ ಕೊಡೋದು, ಬೆಳಿಗ್ಗೆ ಹತ್ತಕ್ಕೆ ವಾಪಸ್ ತಗೊಳ್ಳೋದು. ನಮ್ಮ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಇದು ನಡೆಯುತ್ತದೆ ಅಂತ ನಾನು ಹೇಳಿದಾಗ ವಿಜಯಪುರದ ನಮ್ಮ ಲೈಬ್ರೇರಿಯನ್ ಗೆಳೆಯರಲ್ಲಿ ಯಾರೂ ನಂಬಿರಲಿಲ್ಲ. ಈಗ ಮೂರನೇ ವರ್ಷ ನಡೆಯುತ್ತಿದೆ. ಫೋನ್ ಮಾಡಿ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಕೋಹಾ ಅಂದರೆ ಲೈಬ್ರರಿ ನಡೆಸುವ ಸಾಫ್ಟ್‌ವೇರ್, ಅದಕ್ಕಿಂತ ಹೆಚ್ಚು ಇಲ್ಲಿ ವಿವರಿಸುವುದಿಲ್ಲ. ಉಳಿದದ್ದು ಲೈಬ್ರರಿ ನಡೆಸುವ ನಿಮಗೆ ಗೊತ್ತಿರೋದೇ.

ತೊಂದರೆಯೂ ನಿಮಗೆ ಗೊತ್ತಿರೋದೇ. ಎಂ.ಕಾಂ.ನ ಒಂದು ಪಠ್ಯಕ್ಕೆ ನಮ್ಮಲ್ಲಿ ಹೊರಗೆ ಕೊಡಲು ನಾಲ್ಕು ಪ್ರತಿ, ಓದುವವರು ಅರವತ್ತು ಜನ. ಹದಿನೈದು ದಿನದ ಇಶ್ಯೂ. ಮೊದಲು ಬಂದ ನಾಲ್ಕು ಜನ ಒಯ್ದರೆ ಉಳಿದವರಿಗೆ ಝೆರಾಕ್ಸ್ ಅಂಗಡಿಯೇ ಗತಿ. ಐದನೇ ಪ್ರತಿ ರೆಫರೆನ್ಸ್, ಅಂದರೆ ಅಲ್ಲೇ ಕೂತು ಓದಲು ಮಾತ್ರ ಅಂತ ಗಾಜಿನ ಕಪಾಟಿನಲ್ಲಿ ಇರುತ್ತದೆ. ಹಾಸ್ಟೆಲ್ ಹುಡುಗರಿಗೆ ಓದಲು ಪುರುಸೊತ್ತು ಸಿಗೋದು ಊಟ ಆದ ಮೇಲೆ. ಆ ಹೊತ್ತಿಗೆ ಪುಸ್ತಕ ಬೀಗದೊಳಗೆ ಇರುತ್ತದೆ. ಇದು ನನಗೆ ಬಹಳ ವರ್ಷ ಸಂಕಟ ಕೊಟ್ಟಿದೆ.

ಲೈಬ್ರರಿ ಕಮಿಟಿಯಲ್ಲಿ ರಾತ್ರಿ ಪುಸ್ತಕದ ವಿಷಯ ಇಟ್ಟಾಗ ಬಂದ ಮೊದಲ ಮಾತು, "ಪುಸ್ತಕ ಹೋದ್ರ ಯಾರು ತುಂಬಿಕೊಡ್ತಾರ್ರೀ?" ಎರಡನೇ ಮಾತು, "ಆಡಿಟ್‌ನವರಿಗೆ ಏನ್ ಹೇಳ್ತೀರಿ?" ನಾನು ಸುಮ್ನೆ ಹೋಗಿರಲಿಲ್ಲ. ಕೇಂದ್ರ ಸರ್ಕಾರದ ಹಣಕಾಸು ನಿಯಮಗಳು, ಅಂದರೆ ಜನರಲ್ ಫೈನಾನ್ಷಿಯಲ್ ರೂಲ್ಸ್ 2017, ನಿಯಮ 215ರ ಪ್ರಿಂಟ್ ಕೈಯಲ್ಲಿತ್ತು. ಒಂದು ವರ್ಷದಲ್ಲಿ ಇಶ್ಯೂ ಆದ ಅಥವಾ ಕೂತು ಓದಲು ಕೊಟ್ಟ ಪ್ರತಿ 1000 ಪುಸ್ತಕಕ್ಕೆ 5 ಹೋದರೆ ಅದು ಸಹಜ ನಷ್ಟ. ಅದರಲ್ಲಿ ಮೋಸ ಅಥವಾ ನಿರ್ಲಕ್ಷ್ಯ ಮಾತ್ರ ಇರಬಾರದು. 1000 ರೂಪಾಯಿಗಿಂತ ಹೆಚ್ಚಿನ ಬೆಲೆಯ ಪುಸ್ತಕ, ಅಪರೂಪದ ಪುಸ್ತಕ ಹೋದರೆ ವಿಚಾರಣೆ ಆಗಬೇಕು. ರಾಜ್ಯದ ವಿಶ್ವವಿದ್ಯಾಲಯಕ್ಕೆ ಇದು ನೇರವಾಗಿ ಅನ್ವಯಿಸದಿದ್ದರೂ ಮಾತಾಡಲು ಒಂದು ಅಳತೆ ಸಿಕ್ಕಿತು. ಒಂದು ಸಾವಿರಕ್ಕಿಂತ ಕಡಿಮೆ ಬೆಲೆಯ ಪುಸ್ತಕ ಮಾತ್ರ ರಾತ್ರಿ ಕೊಡುತ್ತೇವೆ ಅಂದೆ. ಒಂದು ಸೆಮಿಸ್ಟರ್ ನೋಡೋಣ ಅಂತ ಒಪ್ಪಿದರು.

ಆ ಸೆಮಿಸ್ಟರ್ ಪೂರ್ತಿ ಒದ್ದಾಟ. ದಿನಕ್ಕೆ ಒಂದು ರೂಪಾಯಿ ದಂಡ ಮೊದಲಿನಿಂದ ಇತ್ತು. ಹುಡುಗರು ನಾಲ್ಕು ದಿನ ಇಟ್ಟುಕೊಂಡು ನಗುತ್ತಾ ನಾಲ್ಕು ರೂಪಾಯಿ ಕೊಟ್ಟರು. ಚಹಾದ ರೇಟಿಗಿಂತ ಅಗ್ಗ ಅಲ್ವಾ! ಗಂಟೆಗೆ ಹತ್ತು ರೂಪಾಯಿ ಅಂತ ಏರಿಸಿದೆವು. ಆಗ ಪುಸ್ತಕ ಬರೋದೇ ನಿಂತಿತು. ತಡವಾದವನಿಗೆ ಇನ್ನೂರು ಮುನ್ನೂರು ದಂಡ ಬೀಳುವ ಭಯ, ಅದಕ್ಕೆ ಬಾಕಿ ಇಲ್ಲ ಅನ್ನುವ ನೋ ಡ್ಯೂ ಪತ್ರ ಬೇಕಾಗುವವರೆಗೂ ಕೌಂಟರ್ ಕಡೆ ತಲೆ ಹಾಕಲಿಲ್ಲ. ಐಡಿ ಕಾರ್ಡ್ ಇಟ್ಟುಕೊಂಡು ನೋಡಿದೆವು. ಮೆಸ್ಸಿನಲ್ಲಿ ಕಾರ್ಡ್ ಕೇಳುತ್ತಾರೆ, ಬಸ್ ಪಾಸ್ ಚೆಕಿಂಗ್‌ನಲ್ಲೂ ಕೇಳುತ್ತಾರೆ. ಒಂದೇ ವಾರಕ್ಕೆ ಬಿಟ್ಟೆವು. ಪುಸ್ತಕದ ಚಿಪ್ ಓದಿ ತಾನೇ ವಾಪಸ್ ತಗೊಳ್ಳುವ ಆರ್‌ಎಫ್‌ಐಡಿ ಡ್ರಾಪ್ ಬಾಕ್ಸಿಗೆ ಕೊಟೇಶನ್ ತರಿಸಿದೆ. ಎಲ್ಲಾ ಸೇರಿ ಎಂಟು ಲಕ್ಷದ ಹತ್ತಿರ ಇತ್ತು, ಮೇಲೆ ವರ್ಷವರ್ಷ ನಿರ್ವಹಣೆಯ ಖರ್ಚು. ಆ ದುಡ್ಡಿಗೆ ಎರಡು ಸಾವಿರ ಪಠ್ಯಪುಸ್ತಕ ಬರುತ್ತವೆ. ಕೊಟೇಶನ್ ಫೈಲಿಗೆ ಹೋಯಿತು.

ಕೆಲಸ ಮಾಡಿದ್ದು ಒಂದು ಕಬ್ಬಿಣದ ಪೆಟ್ಟಿಗೆ. ಗಾಂಧಿ ಚೌಕದ ಆಚೆ ಒಬ್ಬ ವೆಲ್ಡಿಂಗ್‌ನವರಿಂದ ಮಾಡಿಸಿದ್ದು, ಮೂರೂವರೆ ಸಾವಿರ ಆಗಿರಬೇಕು. ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ನಮ್ಮ ಅಟೆಂಡರ್ ಅದನ್ನು ಹಾಸ್ಟೆಲ್ ಮೆಸ್ಸಿನ ಬಾಗಿಲಲ್ಲಿ ಇಟ್ಟುಕೊಂಡು ಕೂರುತ್ತಾರೆ. ನಾಷ್ಟಾಕ್ಕೆ ಬರದ ಹುಡುಗ ಇಲ್ಲ. ಉಪ್ಪಿಟ್ಟಿನ ತಾಟು ಹಿಡಿಯುವ ಮೊದಲು ಪುಸ್ತಕ ಪೆಟ್ಟಿಗೆಗೆ ಹಾಕಬೇಕು, ಅಷ್ಟೇ. ಲೈಬ್ರರಿ ತನಕ ನಡೆದು ಬರೋದೇ ಅವರಿಗೆ ಬೇಜಾರಿನ ಕೆಲಸ ಆಗಿತ್ತು. ಆ ಬೇಜಾರು ತೆಗೆದಿದ್ದೇ ತಡ, ಹತ್ತರಲ್ಲಿ ಒಂಬತ್ತು ಪುಸ್ತಕ ಹೊತ್ತಿಗೆ ಬರತೊಡಗಿದವು.

ಅಟೆಂಡರ್ ಏಳೂವರೆಗೆ ಬಂದರೆ ಮಧ್ಯಾಹ್ನ ಮೂರಕ್ಕೆ ಮನೆಗೆ. ಇದನ್ನು ಬರವಣಿಗೆಯಲ್ಲಿ ಆದೇಶ ಮಾಡಿಸಿ. ಬಾಯಿಮಾತಿನಲ್ಲಿ ಬಿಟ್ಟರೆ ಮೇಲಿನವರು ಬದಲಾದ ದಿನ ಅಟೆಂಡರ್‌ಗೇ ತೊಂದರೆ. ಪೆಟ್ಟಿಗೆ ಒಯ್ಯಲು ಅವರ ಮೊಪೆಡ್, ಪೆಟ್ರೋಲಿಗೆ ತಿಂಗಳಿಗೆ ಆರುನೂರು ರೂಪಾಯಿ. ಈ ಆರುನೂರು ಯಾವ ಲೆಕ್ಕಶೀರ್ಷಿಕೆಗೆ ಹಾಕಬೇಕು ಅಂತ ಫೈಲು ಮೂರು ತಿಂಗಳು ಟೇಬಲ್‌ನಿಂದ ಟೇಬಲ್‌ಗೆ ತಿರುಗಿತು. ಕೊನೆಗೆ ಸಣ್ಣಪುಟ್ಟ ಖರ್ಚಿನ ಸಾದಿಲ್ವಾರು ವೆಚ್ಚದಲ್ಲಿ ಪಾಸಾಯಿತು. ಅಲ್ಲಿಯವರೆಗೆ ನಾನೇ ಕೊಟ್ಟೆ.

ದಂಡ ಪೂರ್ತಿ ತೆಗೆದೆವು. ತಡ ಮಾಡಿದರೆ ಒಂದು ವಾರ ರಾತ್ರಿ ಪುಸ್ತಕ ಇಲ್ಲ. ಪುಸ್ತಕ ಕೊಟ್ಟು ತಗೊಳ್ಳುವ ನಿಯಮ ಹಾಕುವ ಕೋಹಾದ ಸರ್ಕ್ಯುಲೇಶನ್ ರೂಲ್ಸ್‌ನಲ್ಲಿ ದಂಡದ ಬದಲು ಸಸ್ಪೆನ್ಶನ್ ದಿನಗಳನ್ನು ಹಾಕುವ ಅವಕಾಶ ಇದೆಯಲ್ಲ, ಅದೇ. ದುಡ್ಡಿಗೆ ಹೆದರದ ಹುಡುಗ ಪರೀಕ್ಷೆ ಹತ್ತಿರ ಇರುವಾಗ ಒಂದು ವಾರಕ್ಕೆ ಹೆದರುತ್ತಾನೆ.

ಕೋಹಾ ಬಗ್ಗೆ ಇನ್ನೊಂದು ಮಾತು. ರಾತ್ರಿ ಪುಸ್ತಕಕ್ಕೆ ಬೇರೆ ಐಟಂ ಟೈಪ್, ಅಂದರೆ ಬೇರೆ ವರ್ಗ ಮಾಡಿ, ಗಂಟೆ ಲೆಕ್ಕದ ಲೋನ್ ಕೊಡಬಹುದು. ಆದರೆ ಅದು ಇಶ್ಯೂ ಆದ ನಿಮಿಷದಿಂದ ಎಣಿಸುತ್ತದೆ. ಬಸ್ಸಿಗಾಗಿ ನಾಲ್ಕೂವರೆಗೇ ಒಯ್ದವನಿಗೆ ಹದಿನೇಳು ಗಂಟೆ ಅಂದರೆ ಒಂಬತ್ತೂವರೆ, ಐದೂಮುಕ್ಕಾಲಿಗೆ ಒಯ್ದವನಿಗೆ ಹತ್ತೂಮುಕ್ಕಾಲು. ಗಲಾಟೆ. ಅದಕ್ಕೆ ಸಂಜೆ ಕೌಂಟರ್ ತೆರೆದ ಕೂಡಲೇ ವಾಪಸ್ ಕೊಡುವ ಹೊತ್ತನ್ನು (ಡ್ಯೂ ಡೇಟ್) ನಾವೇ ನಾಳೆ ಬೆಳಿಗ್ಗೆ ಹತ್ತು ಅಂತ ಹಾಕಿ, ಆ ಸೆಶನ್‌ಗೆ ನೆನಪಿಡು ಅನ್ನುವ ಟಿಕ್ ಒತ್ತುತ್ತೇವೆ. ಇಷ್ಟು ಸಣ್ಣ ವಿಷಯ ಹೇಳಿಕೊಡುವವರಿಲ್ಲದೆ ತಿಂಗಳು ಕಳೆದಿತ್ತು.

ಇಂಡಿ, ಸಿಂದಗಿ, ಬಸವನ ಬಾಗೇವಾಡಿಯಿಂದ ಬಸ್ಸಿನಲ್ಲಿ ಬಂದು ಹೋಗುವ ಮಕ್ಕಳಿಗೆ ನಾಲ್ಕಕ್ಕೇ ಕೊಡುತ್ತೇವೆ. ಅವರಿಗೆ ಕೊಡಬೇಡಿ, ನಾಳೆ ಬಸ್ ತಪ್ಪಿದರೆ ಪುಸ್ತಕವೂ ತಪ್ಪಿತು ಅಂದವರಿದ್ದರು. ನಮ್ಮ ಲೆಕ್ಕದಲ್ಲಿ ಎಲ್ಲರಿಗಿಂತ ಸರಿಯಾದ ಹೊತ್ತಿಗೆ ತರೋರು ಅವರೇ. ಮುಂಜಾನೆಯ ಬಸ್ಸಿಗೆ ಬರುವವರಿಗೆ ಹತ್ತು ಗಂಟೆ ಯಾವ ಲೆಕ್ಕ!

ಪುಸ್ತಕ ದಿನಾ ಕೈ ಬದಲಿಸಿದರೆ ಬೈಂಡಿಂಗ್ ಉಳಿಯಲ್ಲ. ಅಂಟಿನ ಬೈಂಡಿಂಗ್ ಒಂದು ಸೆಮಿಸ್ಟರಿಗೇ ಹಾಳೆ ಉದುರಿಸುತ್ತದೆ. ಹೊಸ ಪುಸ್ತಕ ಬಂದ ಕೂಡಲೇ ದಾರದ ಹೊಲಿಗೆ, ಕ್ಯಾಲಿಕೋ ಬಟ್ಟೆ ಹಾಕಿಸಿಬಿಡುತ್ತೇವೆ. ಒಂದಕ್ಕೆ ನೂರು, ನೂರಿಪ್ಪತ್ತು ರೂಪಾಯಿ. ಬಾರ್‌ಕೋಡ್ ಇನ್ನೊಂದು ತಲೆನೋವು. ಇಲ್ಲಿನ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ. ಬಿಸಿಯಿಂದ ಅಕ್ಷರ ಮೂಡುವ ಡೈರೆಕ್ಟ್ ಥರ್ಮಲ್ ಲೇಬಲ್ ಮೊಪೆಡ್ ಮೇಲಿನ ಪೆಟ್ಟಿಗೆಯಲ್ಲಿ ಕಪ್ಪಾಗುತ್ತದೆ, ಸ್ಕ್ಯಾನರ್ ಓದಲ್ಲ. ರಿಬ್ಬನ್ ಪ್ರಿಂಟರ್ ಕೊಳ್ಳಿ, ಇಲ್ಲವೇ ಲೇಸರ್‌ನಲ್ಲಿ ಹೊಡೆದು ಮೇಲೆ ಪಾರದರ್ಶಕ ಟೇಪ್ ಹಾಕಿ. ಹಾಳೆ ಹರಿಯುವವರನ್ನು ಹಿಡಿಯಲು ನಮ್ಮದೊಂದು ಗುರುತಿದೆ. ಗುಟ್ಟಾಗಿ ಮೊಹರು ಹಾಕುವ ಸೀಕ್ರೆಟ್ ಪೇಜ್ ನಿಮ್ಮಲ್ಲೂ ಇರುತ್ತದೆ, ಆದರೆ ನಮ್ಮದು ಅದಲ್ಲ. ಅದನ್ನು ಬರೆಯುವುದಿಲ್ಲ. ಯಾವ ಪುಸ್ತಕ ರಾತ್ರಿ ಪುಸ್ತಕಗಳ ಹಳದಿ ಟೇಪಿನ ಕಪಾಟಿಗೆ ಹೋಗಬೇಕು ಅಂತ ತಿಂಗಳಿಗೊಮ್ಮೆ ಆರಿಸುವ ಲೆಕ್ಕವೂ ನಮ್ಮಲ್ಲೇ ಇರಲಿ.

ಈ ಕೆಲಸದ ನಡುವೆ ಕ್ಯಾಟಲಾಗ್ ಕಡೆ ಕೈ ಹೋಯಿತು. ಹಳೇ ಕನ್ನಡ ಪುಸ್ತಕಗಳ ನಮೂದು ಯೂನಿಕೋಡ್ ಮೊದಲಿನ ಫಾಂಟಿನಲ್ಲಿ ಇತ್ತು, ಹುಡುಕಿದರೆ ಏನೂ ಬರುತ್ತಿರಲಿಲ್ಲ. ಪರಿವರ್ತಕದಲ್ಲಿ ಹಾಕಿದರೆ ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತಿತ್ತು. ಗ್ರಂಥಾಲಯ ವಿಜ್ಞಾನ (ಎಂ.ಲಿಬ್.) ಓದುವ ಇಬ್ಬರು ವಿದ್ಯಾರ್ಥಿಗಳನ್ನು ಕೂರಿಸಿ ಕೈಯಿಂದ ತಿದ್ದಿಸಿದೆ. ಅದಾದ ಮೇಲೂ ಹುಡುಕುವವರು ಕಡಿಮೆ. ಕಾರಣ ನೋಡಿದರೆ ಮಕ್ಕಳು ಕನ್ನಡ ಹೆಸರನ್ನು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯುತ್ತಾರೆ. ಕ್ಯಾಟಲಾಗ್ ನಮೂದಿನಲ್ಲಿ ಪುಸ್ತಕದ ಬೇರೆ ರೂಪದ ಹೆಸರು ಬರೆಯುವ 246ನೇ ಫೀಲ್ಡಿನಲ್ಲಿ ಅದೇ ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರದಲ್ಲೂ ಸೇರಿಸಿದೆವು. ಈಗ ಯಾವ ರೀತಿ ಹೊಡೆದರೂ ಸಿಗುತ್ತದೆ. ಒಂದು ಪೈಸೆ ಖರ್ಚಿಲ್ಲದ ಕೆಲಸ, ದಯವಿಟ್ಟು ಮಾಡಿ.

ಪ್ರಾಧ್ಯಾಪಕರ ಮಾತು ಬೇರೆ. ವರ್ಷಗಟ್ಟಲೆ ಅವರ ಕಪಾಟಿನಲ್ಲಿ ಕೂತ ಪುಸ್ತಕ ಕೇಳೋದು ಹೇಗೆ? ನೋಟಿಸ್ ಕಳಿಸಲಿಲ್ಲ. ಪ್ರತಿಯೊಬ್ಬರಿಗೂ ಒಂದು ಚೀಟಿ ಕಳಿಸಿದೆವು: ನಿಮ್ಮ ಹತ್ತಿರ ಇರುವ ಈ ಪುಸ್ತಕಕ್ಕೆ ನಿಮ್ಮದೇ ವಿಭಾಗದ ಇಷ್ಟು ಮಕ್ಕಳು ಕಾಯುತ್ತಿದ್ದಾರೆ. ಪುಸ್ತಕಕ್ಕೆ ಹೆಸರು ಹಚ್ಚಿ ಕಾಯುವವರ ಸಾಲು (ಹೋಲ್ಡ್) ಕೋಹಾದಲ್ಲಿದೆ, ಅದರಿಂದ ತೆಗೆದ ಸಂಖ್ಯೆ. ತಿಂಗಳೊಳಗೆ ನೂರಾಹತ್ತರ ಆಸುಪಾಸು ಪುಸ್ತಕ ಬಂದವು. ಹಿರಿಯರೊಬ್ಬರು ತಾವೇ ಚೀಲ ಹಿಡಿದು ಬಂದು, "ಮೊದಲ ಹೇಳಬಾರದೇನ್ರೀ ಸರ್ರ" ಅಂದರು. 2025ರಿಂದ ಕೇಂದ್ರ ಸರ್ಕಾರದ ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಶನ್ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಜರ್ನಲ್ ಸಿಗುತ್ತಿವೆ. ಅದರಲ್ಲಿ ಬರುವ ಜರ್ನಲ್‌ಗಳಿಗೆ ನಾವು ಕಟ್ಟುತ್ತಿದ್ದ ದುಡ್ಡನ್ನು ಪಠ್ಯಪುಸ್ತಕಕ್ಕೆ ತಿರುಗಿಸಲು ಕೇಳಿದೆ, ಅರ್ಧ ಸಿಕ್ಕಿತು. ಆದರೆ ಕನ್ನಡದ ಸಂಶೋಧನಾ ಪತ್ರಿಕೆಗಳ ಚಂದಾ ನಿಲ್ಲಿಸಬೇಡಿ. ಅವನ್ನು ನಾವು ತರಿಸದಿದ್ದರೆ ಯಾರು ತರಿಸುತ್ತಾರೆ?

ಊರಿನವರಿಗೂ ಬಾಗಿಲು ತೆರೆದೆವು. ಪಿಎಸ್‌ಐ, ಪಿಡಿಒ, ಎಫ್‌ಡಿಎ ಅಂತ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಈ ಊರಲ್ಲಿ ಎಷ್ಟಿದ್ದಾರೆ ಅಂತ ನಿಮಗೆ ಗೊತ್ತು. ಒಂದು ಸಾವಿರ ಡಿಪಾಸಿಟ್, ಬಿಟ್ಟು ಹೋಗುವಾಗ ವಾಪಸ್. ನಮ್ಮ ವಿದ್ಯಾರ್ಥಿಗಳಿಗೆ ಜಾಗ ಸಿಗಲ್ಲ ಅಂತ ವಿರೋಧ ಬಂತು. ಊರಿನವರನ್ನು ಭಾನುವಾರ ಮತ್ತು ಸಂಜೆ ಆರರ ನಂತರಕ್ಕೆ ಇಟ್ಟೆವು, ವಿರೋಧ ತಣ್ಣಗಾಯಿತು. ಆದಿಲ್‌ಶಾಹಿ ಅರಸರ ಗ್ರಂಥಭಂಡಾರದಲ್ಲಿ ಉಳಿದಿದ್ದ ಹಸ್ತಪ್ರತಿಗಳು ಇದೇ ಊರಿನ ಅಸರ್ ಮಹಲಿನಲ್ಲಿದ್ದವು. 19ನೇ ಶತಮಾನದ ನಡುವೆ ಬ್ರಿಟಿಷರು ಅವನ್ನು ಲಂಡನ್ನಿಗೆ ಒಯ್ದರು. ಇಂಥ ಊರಿನಲ್ಲಿ ಲೈಬ್ರರಿಗೆ ಬಂದವರನ್ನು ಗೇಟಿನಿಂದ ವಾಪಸ್ ಕಳಿಸಲು ನನಗೆ ಮನಸ್ಸು ಬರಲ್ಲ.

ಕಮಿಟಿಗೆ ಕೊಟ್ಟ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಕಳೆದ ವರ್ಷ ರಾತ್ರಿ ಪುಸ್ತಕ ಒಂಬತ್ತು ಸಾವಿರದಷ್ಟು ಸಲ ಹೊರಗೆ ಹೋದವು. ಸಾವಿರಕ್ಕೆ ಐದರ ಲೆಕ್ಕದಲ್ಲಿ ನಲವತ್ತೈದು ಹೋಗಬಹುದಿತ್ತು. ಹೋದದ್ದು ಹನ್ನೊಂದೋ ಹನ್ನೆರಡೋ. ಅದರಲ್ಲೂ ಐದಾರಕ್ಕೆ ಮಕ್ಕಳೇ ಹೊಸ ಪ್ರತಿ ತಂದುಕೊಟ್ಟರು. ಬೈಂಡಿಂಗ್, ಪೆಟ್ರೋಲ್, ಟೇಪು, ಲೇಬಲ್ ಎಲ್ಲಾ ಸೇರಿ ನಲವತ್ತು ಸಾವಿರ ದಾಟಿಲ್ಲ. ಯಾರು ತುಂಬಿಕೊಡ್ತಾರ್ರೀ ಅಂತ ಕೇಳಿದ್ದರಲ್ಲ, ಅವರೇ ಈ ಸಲ ಹುಡುಗಿಯರ ಹಾಸ್ಟೆಲಿಗೆ ಎರಡನೇ ಪೆಟ್ಟಿಗೆ ಮಂಜೂರು ಮಾಡಿದ್ದಾರೆ. ಸಿದ್ಧೇಶ್ವರ ಜಾತ್ರೆಯ ರಜೆ ಮುಗಿದ ಮೇಲೆ ಅದು ಶುರುವಾಗುತ್ತದೆ. ಅಲ್ಲಿಗೆ ಮಹಿಳಾ ಅಟೆಂಡರ್ ಬೇಕು, ಹುಡುಕುತ್ತಿದ್ದೇವೆ.