ಸರ್ಕಾರಿ ಹೈಸ್ಕೂಲಿನ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುವಾಗ ಮಗುವನ್ನು ಸೇರಿಸೋದು ಹೇಗೆ

ಏಪ್ರಿಲ್ ಬಂತೆಂದರೆ ಏಳನೇ ಕ್ಲಾಸು ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಒಂದೇ ಚರ್ಚೆ, ಎಂಟಕ್ಕೆ ಎಲ್ಲಿ ಸೇರಿಸೋದು. ಹತ್ತಿರದ ಸರ್ಕಾರಿ ಹೈಸ್ಕೂಲಿನ ಬಗ್ಗೆ ವಿಚಾರಿಸಿದರೆ ಒಬ್ಬರು "ಅಲ್ಲಿಗೆ ಮಾತ್ರ ಬೇಡಪ್ಪ, ಪಾಠಾನೇ ನಡೆಯಲ್ಲ" ಅನ್ನುತ್ತಾರೆ. ಅದೇ ಬೀದಿಯ ಇನ್ನೊಬ್ಬರು "ನಮ್ಮ ಹುಡುಗಿ ಅಲ್ಲೇ ಓದಿದ್ದು, ಟ್ಯೂಷನ್ ಇಲ್ಲದೆ ಡಿಸ್ಟಿಂಕ್ಷನ್ ತೆಗೆದಳು" ಅನ್ನುತ್ತಾರೆ. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಸೀಟಿನಲ್ಲಿ ಖಾಸಗಿ ಶಾಲೆಗೆ ಹೋಗುತ್ತಿರುವ ಮಕ್ಕಳ ಮನೆಯಲ್ಲಿ ಈ ಚರ್ಚೆ ಒಂದು ವರ್ಷ ತಡವಾಗಿ ಶುರುವಾಗುತ್ತದೆ, ಯಾಕಂದ್ರೆ ಆ ಉಚಿತ ಸೀಟು ಎಂಟನೇ ಕ್ಲಾಸಿಗೇ ಮುಗಿಯುತ್ತದೆ, ಒಂಬತ್ತರಿಂದ ಪೂರ್ತಿ ಫೀಸು ಕಟ್ಟಬೇಕು.

ಇಬ್ಬರ ಮಾತೂ ನಿಜವೇ ಇರಬಹುದು ಅನ್ನುವುದು ನನ್ನ ನಂಬಿಕೆ. ಸರ್ಕಾರಿ ಹೈಸ್ಕೂಲು ಒಂದೇ ಥರ ನಿಂತಿರುವುದಿಲ್ಲ. ಗಣಿತದ ಮೇಷ್ಟ್ರು ವರ್ಗವಾಗಿ ಹೋದರು, ಆ ಜಾಗ ಖಾಲಿ ಉಳಿಯಿತು ಅಂದರೆ ಒಂದೇ ವರ್ಷದಲ್ಲಿ ಶಾಲೆಯ ಹೆಸರು ಕೆಡುತ್ತದೆ. ಒಳ್ಳೆಯ ಹೆಡ್‌ಮಾಸ್ಟರ್ ಬಂದರೆ ಅದೇ ಕಟ್ಟಡ, ಅದೇ ಮಕ್ಕಳು, ಆದರೆ ಬೇರೆಯದೇ ಶಾಲೆ. ಆದ್ದರಿಂದ ಯಾರನ್ನೂ "ಶಾಲೆ ಹೇಗಿದೆ" ಅಂತ ಕೇಳಬೇಡಿ. ಆ ಪ್ರಶ್ನೆಗೆ ಹೊಗಳಿಕೆ ಇಲ್ಲವೇ ಬೈಗುಳ ಬರುತ್ತದೆ, ಅಷ್ಟೇ. ನಿಮ್ಮ ಮಗು ಯಾವ ವರ್ಷ ಓದಿದ್ದು, ಕನ್ನಡ ಮೀಡಿಯಮ್ಮಾ ಇಂಗ್ಲಿಷ್ ಮೀಡಿಯಮ್ಮಾ, ಆಗ ಗಣಿತಕ್ಕೆ ಯಾರಿದ್ದರು, ಈಗಲೂ ಅವರೇ ಇದ್ದಾರಾ, ಯಾವ ವಿಷಯದ ಪಾಠ ಅರ್ಧಕ್ಕೆ ನಿಂತಿತ್ತು, ಹೀಗೆ ಬಿಡಿಸಿ ಬಿಡಿಸಿ ಕೇಳಿ. ಐದಾರು ವರ್ಷದ ಹಿಂದಿನ ಅನುಭವ ಹೇಳುವವರ ಮಾತನ್ನು ಗೌರವದಿಂದ ಕೇಳಿ, ಆದರೆ ಅದರ ಮೇಲೆ ತೀರ್ಮಾನ ಮಾಡಬೇಡಿ.

ಮಕ್ಕಳನ್ನೇ ಕೇಳುವುದು ಇನ್ನೂ ಒಳ್ಳೆಯದು. ಅದರಲ್ಲೂ ಈಗ ಒಂಬತ್ತರಲ್ಲಿ ಓದುತ್ತಿರುವವರನ್ನು. ಎಂಟರ ಮಕ್ಕಳಿಗೆ ಶಾಲೆ ಹೊಸದು, ಹತ್ತರ ಮಕ್ಕಳು ಸ್ಪೆಷಲ್ ಕ್ಲಾಸು, ಪರೀಕ್ಷೆ ಅಂತ ಒತ್ತಡದಲ್ಲಿರುತ್ತಾರೆ. ಒಂಬತ್ತರ ಮಕ್ಕಳು ನೇರವಾಗಿ ಹೇಳುತ್ತಾರೆ. "ನಿನ್ನೆ ಎಷ್ಟು ಪೀರಿಯಡ್ ಖಾಲಿ ಇತ್ತು?", "ಪ್ರಯೋಗ ಅಂತ ಕೊನೆಯ ಸಲ ಏನು ಮಾಡಿಸಿದರು?", "ಅರ್ಥ ಆಗಿಲ್ಲ ಅಂದರೆ ಮತ್ತೆ ಹೇಳಿಕೊಡ್ತಾರಾ, ಬೈತಾರಾ?" ಈ ಮೂರು ಸಾಕು. ಅಪ್ಪ ಅಮ್ಮನ ಎದುರಿಗೆ ಕೇಳಬೇಡಿ, ಇಬ್ಬರು ಮೂವರು ಸ್ನೇಹಿತರು ಒಟ್ಟಿಗೆ ಇದ್ದಾಗ ಕೇಳಿ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಅಲ್ಲೇ ತಿದ್ದುತ್ತಾನೆ, ನಿಮಗೆ ಸರಿಯಾದ ಚಿತ್ರ ಸಿಗುತ್ತದೆ.

ಈಗ ಮೇಷ್ಟ್ರುಗಳ ವಿಷಯ. ನನ್ನ ಪ್ರಕಾರ ಉಳಿದಿದ್ದೆಲ್ಲ ಇದರ ನಂತರ. ಹೈಸ್ಕೂಲಿನಲ್ಲಿ ವಿಷಯಕ್ಕೊಬ್ಬರಂತೆ ಹುದ್ದೆ ಇರುತ್ತದೆ. ಕನ್ನಡ, ಇಂಗ್ಲಿಷ್, ಹಿಂದಿ, ಸಮಾಜ ವಿಜ್ಞಾನ, ದೈಹಿಕ ಶಿಕ್ಷಣ, ಮತ್ತೆ ವಿಜ್ಞಾನಕ್ಕೆ ಎರಡು ಥರದ ಶಿಕ್ಷಕರು. ಪಿಸಿಎಂ ಅಂದರೆ ಗಣಿತ, ಭೌತಶಾಸ್ತ್ರದ ಕಡೆಯವರು. ಸಿಬಿಝಡ್ ಅಂದರೆ ರಸಾಯನಶಾಸ್ತ್ರ, ಜೀವಶಾಸ್ತ್ರದ ಕಡೆಯವರು. ಈ ಎರಡು ಹುದ್ದೆ ಭರ್ತಿ ಇದೆಯಾ ಅಂತ ಮೊದಲು ಕೇಳಿ. ಇದ್ದರೆ ಅವರು ಎಷ್ಟು ವರ್ಷದಿಂದ ಇದ್ದಾರೆ, ಸದ್ಯದಲ್ಲೇ ವರ್ಗಾವಣೆ ಇದೆಯಾ, ನಿವೃತ್ತಿ ಹತ್ತಿರ ಇದೆಯಾ ಅಂತಲೂ ಕೇಳಿ. ಇದನ್ನೆಲ್ಲ ಕೇಳೋದು ಅತಿಯಾಯ್ತು ಅಂತ ಕೆಲವರಿಗೆ ಅನಿಸುತ್ತದೆ. ಮಗುವಿನ ಮೂರು ವರ್ಷ ಇದರ ಮೇಲೆ ನಿಂತಿರುವಾಗ ಕೇಳಲೇಬೇಕು, ಅಲ್ವಾ?

ಖಾಲಿ ಹುದ್ದೆ ಇದ್ದ ಕಡೆ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುತ್ತಾರೆ. ಅವರ ಬಗ್ಗೆ ಕೆಲವು ಪೋಷಕರಿಗೆ ಸುಮ್ನೆ ಅಸಡ್ಡೆ ಇದೆ, ಅದು ಸರಿಯಲ್ಲ. ಕಡಿಮೆ ಗೌರವಧನಕ್ಕೆ ಕಾಯಂ ಶಿಕ್ಷಕರಷ್ಟೇ ದುಡಿಯುವ, ಮಕ್ಕಳು ಇಷ್ಟಪಡುವ ಅತಿಥಿ ಶಿಕ್ಷಕರು ಎಷ್ಟೋ ಜನ ಇದ್ದಾರೆ. ತೊಂದರೆ ಇರುವುದು ನೇಮಕ ತಡವಾಗುವುದರಲ್ಲಿ. ಶಾಲೆ ಶುರುವಾಗುವುದು ಮೇ ಕೊನೆಗೆ. ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ವಾರಗಟ್ಟಲೆ ಪಾಠ ಹಿಂದೆ ಬಿದ್ದಿರುತ್ತದೆ, ಆಮೇಲೆ ಓಡಿಸಿಕೊಂಡು ಹೋಗುತ್ತಾರೆ. ಆದ್ದರಿಂದ "ಕಳೆದ ವರ್ಷ ಅತಿಥಿ ಶಿಕ್ಷಕರು ಯಾವ ತಿಂಗಳಲ್ಲಿ ಬಂದರು" ಅಂತ ಹೆಡ್‌ಮಾಸ್ಟರನ್ನೇ ಕೇಳಿ. ನೇರವಾಗಿ ಉತ್ತರ ಕೊಡುವ ಹೆಡ್‌ಮಾಸ್ಟರ್ ಆದರೆ ಅದೇ ಒಂದು ಒಳ್ಳೆಯ ಲಕ್ಷಣ.

ರಿಸಲ್ಟು ನೋಡುವಾಗ ಬರೀ ಶೇಕಡಾವಾರು ನೋಡಬೇಡಿ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 83.89 ಶೇಕಡಾ ಇತ್ತು. 2024ರಲ್ಲಿ ಪರೀಕ್ಷೆ ನಡೆಯುವ ಕೋಣೆಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು, ಗ್ರೇಸ್ ಮಾರ್ಕ್ಸ್ ಜಾಸ್ತಿ ಕೊಟ್ಟ ಮೇಲೂ ಅದು 73.40ಕ್ಕೆ ಇಳಿಯಿತು. ಹಾಗಾಗಿ 2024ಕ್ಕಿಂತ ಹಿಂದಿನ ನೂರಕ್ಕೆ ನೂರು ಅನ್ನುವ ಬ್ಯಾನರನ್ನು ಈಗಿನ ಫಲಿತಾಂಶದ ಪಕ್ಕ ಇಟ್ಟು ಶಾಲೆ ಕೆಟ್ಟುಹೋಯಿತು ಅನ್ನುವುದು ತಪ್ಪಾಗುತ್ತದೆ. ಅಲ್ಲದೆ 2024ರಿಂದ ಒಂದೇ ವರ್ಷದಲ್ಲಿ ಪರೀಕ್ಷೆ 1, ಪರೀಕ್ಷೆ 2 ಅಂತ ಒಂದಕ್ಕಿಂತ ಹೆಚ್ಚು ಅವಕಾಶ ಇದೆ. ಶಾಲೆಯವರು ಹೇಳುವ ಸಂಖ್ಯೆ ಪರೀಕ್ಷೆ 1ರದ್ದಾ ಅಥವಾ ಎಲ್ಲ ಸೇರಿಸಿದ್ದಾ ಅಂತ ಕೇಳಿ.

ನನಗೆ ಇನ್ನೂ ಮುಖ್ಯ ಅನಿಸುವ ಲೆಕ್ಕ ಬೇರೆ. ಎಂಟಕ್ಕೆ ಸೇರಿದವರಲ್ಲಿ ಎಷ್ಟು ಮಕ್ಕಳು ಹತ್ತರ ಪರೀಕ್ಷೆಗೆ ಕೂತರು? ನಡುವೆ ಶಾಲೆ ಬಿಟ್ಟವರು ಯಾರು, ಯಾಕೆ? ಫೇಲಾದವರು ಯಾವ ವಿಷಯದಲ್ಲಿ ಫೇಲಾದರು? ಪ್ರತಿ ವರ್ಷ ಗಣಿತದಲ್ಲೇ ಬೀಳುತ್ತಿದ್ದರೆ ಮೇಲೆ ಹೇಳಿದ ಪಿಸಿಎಂ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು. ಇನ್ನೊಂದು, ಎನ್‌ಎಂಎಂಎಸ್ ಪರೀಕ್ಷೆಗೆ ಎಂಟರ ಮಕ್ಕಳನ್ನು ತಯಾರು ಮಾಡುತ್ತಾರಾ ಅಂತ ವಿಚಾರಿಸಿ. ಅದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಇರುವ ವಿದ್ಯಾರ್ಥಿವೇತನ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಎರಡನೇ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ, ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷದ ಒಳಗಿರಬೇಕು. ಇದಕ್ಕೆ ಹೇಳಿಕೊಡಲು ಮೇಷ್ಟ್ರುಗಳು ಹೆಚ್ಚು ಹೊತ್ತು ಕೂರಬೇಕಾಗುತ್ತದೆ. ಕೂರುವ ಮೇಷ್ಟ್ರುಗಳಿರುವ ಶಾಲೆಯನ್ನು ನಾನು ಕಣ್ಣುಮುಚ್ಚಿ ನಂಬುತ್ತೇನೆ.

ಶಾಲೆ ನೋಡಲು ಹೋಗುವುದಾದರೆ ರಜೆಯಲ್ಲಿ ಹೋಗಬೇಡಿ. ಆಗ ಕಾಣುವುದು ಗೋಡೆ, ಬಾಗಿಲು ಮಾತ್ರ. ಮಗು ಇನ್ನೂ ಏಳರಲ್ಲಿ ಇರುವಾಗಲೇ, ಜನವರಿ ಫೆಬ್ರವರಿಯಲ್ಲಿ, ಶಾಲೆ ನಡೆಯುತ್ತಿರುವ ದಿನ ಹೋಗಿ. ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮುಂಚೆ ಹೋದರೆ ಪಾಠವೂ ಕಾಣುತ್ತದೆ, ಊಟವೂ ಕಾಣುತ್ತದೆ. ಬಿಸಿಯೂಟ ಹತ್ತನೇ ಕ್ಲಾಸಿನವರೆಗೂ ಇದೆ, ಜೊತೆಗೆ ಹಾಲು, ಮೊಟ್ಟೆ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಮೇಷ್ಟ್ರುಗಳು ಮಕ್ಕಳ ಜೊತೆ ಅದೇ ಊಟ ಮಾಡುತ್ತಿದ್ದರೆ ಅಡುಗೆಯ ಬಗ್ಗೆ ಬೇರೆ ಯಾರನ್ನೂ ಕೇಳಬೇಕಾಗಿಲ್ಲ.

ಹೆಣ್ಣುಮಕ್ಕಳ ಶೌಚಾಲಯವನ್ನು ತಾಯಂದಿರು ಕಡ್ಡಾಯವಾಗಿ ಒಳಗೆ ಹೋಗಿ ನೋಡಿ. ಬಾಗಿಲಿಗೆ ಚಿಲಕ ಇದೆಯಾ, ನಲ್ಲಿಯಲ್ಲಿ ನೀರು ಬರುತ್ತಾ, ಪ್ಯಾಡ್ ಹಾಕಲು ಡಬ್ಬಿ ಇದೆಯಾ, ಬೀಗ ಹಾಕಿ ಕೀಲಿ ಸ್ಟಾಫ್ ರೂಮಿನಲ್ಲಿ ಇಟ್ಟುಕೊಂಡಿದ್ದಾರಾ. ಹನ್ನೆರಡು ಹದಿಮೂರರ ಹುಡುಗಿಯರು ಮುಟ್ಟಾದ ದಿನ ಶಾಲೆ ತಪ್ಪಿಸುವುದಕ್ಕೆ, ಬೆಳಿಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯದೆ ಇರುವುದಕ್ಕೆ ಇದೇ ಕಾರಣ. ಮಕ್ಕಳು ಇದನ್ನು ಮನೆಯಲ್ಲಿ ಹೇಳುವುದಿಲ್ಲ, ನಾವೇ ನೋಡಬೇಕು. ಪ್ರಯೋಗಾಲಯ, ಕಂಪ್ಯೂಟರ್ ಕೋಣೆ ಇದ್ದರೆ ಧೂಳು ಎಷ್ಟಿದೆ ನೋಡಿ, ಬಳಸುತ್ತಾರಾ ಇಲ್ಲವಾ ಗೊತ್ತಾಗುತ್ತದೆ. ಮಕ್ಕಳ ಸಂಖ್ಯೆ, ಶಿಕ್ಷಕರ ಸಂಖ್ಯೆ, ಕೊಠಡಿ, ಶೌಚಾಲಯದ ವಿವರವೆಲ್ಲ ಯುಡೈಸ್ ಪ್ಲಸ್ ಅನ್ನುವ ಸರ್ಕಾರದ ಶಾಲಾ ಮಾಹಿತಿ ವೆಬ್‌ಸೈಟಿನಲ್ಲೂ ಸಿಗುತ್ತದೆ. ಪ್ರತಿ ಶಾಲೆಗೂ 11 ಅಂಕಿಯ ಕೋಡ್ ಇರುತ್ತದೆ. ಮೊದಲೇ ನೋಡಿಕೊಂಡು ಹೋಗಿ, ಅಲ್ಲಿ ಬರೆದಿರುವುದಕ್ಕೂ ಶಾಲೆಯಲ್ಲಿ ಇರುವುದಕ್ಕೂ ತಾಳೆ ಆಗುತ್ತದಾ ನೋಡಿ.

ಮೀಡಿಯಂ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ಮಕ್ಕಳು ಹೆಚ್ಚು ಒದ್ದಾಡುವುದು ಇಲ್ಲೇ. ಏಳರವರೆಗೆ ಕನ್ನಡದಲ್ಲಿ ಓದಿದ ಮಗುವನ್ನು ಎಂಟಕ್ಕೆ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದರೆ ಮೊದಲ ಆರು ತಿಂಗಳು ವಿಜ್ಞಾನ, ಸಮಾಜ ಎರಡೂ ತಲೆಗೆ ಹತ್ತುವುದಿಲ್ಲ. ಗೊತ್ತಿದ್ದ ವಿಷಯವೇ ಗೊತ್ತಿಲ್ಲದ ಹಾಗೆ ಕಾಣುತ್ತದೆ. ಚುರುಕಾದ ಮಗು ಕೂಡ "ನಾನು ದಡ್ಡ" ಅಂದುಕೊಳ್ಳಲು ಶುರು ಮಾಡುತ್ತದೆ, ಅದನ್ನು ನೋಡಿದರೆ ಸಂಕಟವಾಗುತ್ತದೆ. ಹಾಕಲೇಬೇಕು ಅಂದರೆ ಬೇಸಿಗೆ ರಜೆಯಲ್ಲಿ ಏಳರ ವಿಜ್ಞಾನವನ್ನೇ ಇಂಗ್ಲಿಷ್ ಪುಸ್ತಕದಲ್ಲಿ ಇನ್ನೊಮ್ಮೆ ಓದಿಸಿ, ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪಿಡಿಎಫ್ ಉಚಿತವಾಗಿ ಸಿಗುತ್ತದೆ. ಇಂಗ್ಲಿಷ್ ಮೀಡಿಯಂ ಅಂತ ಬೋರ್ಡು ಇದ್ದರೂ ಪಾಠ ಯಾವ ಭಾಷೆಯಲ್ಲಿ ನಡೆಯುತ್ತದೆ, ನೋಟ್ಸ್ ಯಾವ ಭಾಷೆಯಲ್ಲಿ ಕೊಡುತ್ತಾರೆ ಅಂತ ಒಂಬತ್ತರ ಮಕ್ಕಳನ್ನೇ ಕೇಳಿ.

ಕನ್ನಡ ಮೀಡಿಯಮ್ಮಿನಲ್ಲೇ ಮುಂದುವರಿಸುವವರಿಗೆ ಇನ್ನೊಂದು ಮಾತು. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಎಂಜಿನಿಯರಿಂಗ್ ಮುಂತಾದ ವೃತ್ತಿ ಕೋರ್ಸುಗಳ ಸೀಟಿಗೆ ನಡೆಯುವ ಸಿಇಟಿಯಲ್ಲಿ 5 ಶೇಕಡಾ ಮೀಸಲಾತಿ ಇದೆ. ಗ್ರಾಮೀಣ ಪ್ರದೇಶದಲ್ಲಿ ಹತ್ತೂ ವರ್ಷ ಓದಿದವರಿಗೆ 15 ಶೇಕಡಾ ಇದೆ. ಹೈಸ್ಕೂಲಿಗೆ ಅಂತ ಹಳ್ಳಿಯಿಂದ ಪೇಟೆಯ ಶಾಲೆಗೆ ಸೇರಿಸಿದರೆ ಗ್ರಾಮೀಣ ಮೀಸಲಾತಿ ಕೈತಪ್ಪುತ್ತದೆ, ಇಂಗ್ಲಿಷ್ ಮೀಡಿಯಮ್ಮಿಗೆ ಬದಲಿಸಿದರೆ ಕನ್ನಡ ಮಾಧ್ಯಮದ್ದು ಕೈತಪ್ಪುತ್ತದೆ. ಎಷ್ಟೋ ಮನೆಯವರಿಗೆ ಇದು ತಿಳಿಯುವುದು ಎರಡನೇ ಪಿಯುಸಿ ಮುಗಿದ ಮೇಲೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿಗೆ ವ್ಯಾಸಂಗ ಪ್ರಮಾಣಪತ್ರ ಹಿಡಿದು ನಿಂತಾಗ. ಮೀಸಲಾತಿಗಾಗಿಯೇ ಶಾಲೆ ಆರಿಸಿ ಅಂತ ನಾನು ಹೇಳುತ್ತಿಲ್ಲ. ಗೊತ್ತಿದ್ದು ಬದಲಿಸಿ ಅನ್ನುತ್ತಿದ್ದೇನೆ.

ಸೇರಿಸುವಾಗ ಟಿಸಿ, ಆಧಾರ್, ಜಾತಿ ಆದಾಯ ಪ್ರಮಾಣಪತ್ರ, ಎಸ್‌ಎಟಿಎಸ್ ಸಂಖ್ಯೆ (ಪ್ರತಿ ಮಗುವಿಗೂ ಶಿಕ್ಷಣ ಇಲಾಖೆ ಕೊಡುವ ಗುರುತಿನ ಸಂಖ್ಯೆ) ಇಟ್ಟುಕೊಳ್ಳಿ. ಇದರಲ್ಲಿ ಮಗುವಿನ ಹೆಸರು, ತಂದೆ ತಾಯಿ ಹೆಸರು, ಹುಟ್ಟಿದ ದಿನ ಎಲ್ಲ ಕಡೆ ಒಂದೇ ಥರ ಇದೆಯಾ ನೋಡಿ. ಇನಿಶಿಯಲ್ ಹೆಸರಿನ ಮುಂದೆಯೋ ಹಿಂದೆಯೋ ಅನ್ನುವುದೂ ಸೇರಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಚ್ಚಾದ ಮೇಲೆ ತಿದ್ದಿಸುವುದು ದೊಡ್ಡ ತಲೆನೋವು, ಎಂಟರಲ್ಲಿ ಸುಲಭ. ಪಠ್ಯಪುಸ್ತಕ, ಸಮವಸ್ತ್ರ ಉಚಿತ. ದೇಣಿಗೆ ಅಂತ ಯಾರಾದರೂ ಕೇಳಿದರೆ ಅದು ಕಡ್ಡಾಯವಲ್ಲ. 2022ರ ಅಕ್ಟೋಬರಿನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ಸಂಗ್ರಹಿಸುವ ಸುತ್ತೋಲೆ ಬಂದು, ವಿರೋಧ ಎದ್ದ ಮೇಲೆ ಇಲಾಖೆಯೇ ವಾಪಸ್ ಪಡೆದಿತ್ತು. ಇಷ್ಟಪಟ್ಟು ಕೊಡುವುದಾದರೆ ಕೊಡಿ, ರಸೀದಿ ತೆಗೆದುಕೊಳ್ಳಿ.

ಸೇರಿಸಿದ ಮೇಲೆ ಏನಾದರೂ ಸರಿಯಿಲ್ಲ ಅನಿಸಿದರೆ ಅಂಗಡಿ ಮುಂದೆ ನಿಂತು ಶಾಲೆಯನ್ನು ಬೈಯುವುದರಿಂದ ಏನೂ ಆಗುವುದಿಲ್ಲ. ಮೊದಲು ಕ್ಲಾಸ್ ಟೀಚರ್, ಆಮೇಲೆ ಹೆಡ್‌ಮಾಸ್ಟರ್, ಆಮೇಲೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಅಲ್ಲಿಗೂ ಆಗದಿದ್ದರೆ ಬಿಇಒ ಆಫೀಸು, ಅದರ ಮೇಲೆ ಡಿಡಿಪಿಐ, ಅಂದರೆ ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು. ಬಿಇಒಗೆ ಕೊಡುವಾಗ ಬಾಯಲ್ಲಿ ಹೇಳಬೇಡಿ. ಒಂದು ಪುಟದ ಅರ್ಜಿ ಬರೆದು, ಎರಡನೇ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. "ಶಾಲೆ ಸರಿಯಿಲ್ಲ" ಅಂತ ಬರೆಯಬೇಡಿ, "ಜೂನ್‌ನಿಂದ ಒಂಬತ್ತನೇ ಕ್ಲಾಸಿಗೆ ಗಣಿತದ ಶಿಕ್ಷಕರಿಲ್ಲ, ಅತಿಥಿ ಶಿಕ್ಷಕರನ್ನು ನೇಮಿಸಿ" ಅಂತ ಬರೆಯಿರಿ. ಹತ್ತು ಪೋಷಕರು ಸಹಿ ಹಾಕಿದ ಅರ್ಜಿಗೆ ಒಬ್ಬರ ಅರ್ಜಿಗಿಂತ ಬೇಗ ಉತ್ತರ ಬರುತ್ತದೆ.

ಹೊಡೆತ, ಜಾತಿ ಹಿಡಿದು ಹೀಯಾಳಿಸುವುದು, ಹೆಣ್ಣುಮಕ್ಕಳ ಜೊತೆ ಕೆಟ್ಟ ನಡವಳಿಕೆ, ಇಂಥದ್ದು ಮಗುವಿನ ಬಾಯಿಂದ ಬಂದರೆ ಮಾತ್ರ ಈ ಮೆಟ್ಟಿಲುಗಳನ್ನೆಲ್ಲ ಕಾಯಬೇಡಿ. ಮೊದಲು ಮಗುವನ್ನು ನಂಬಿ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇರುತ್ತದೆ, ಮಗುವೇ ಕರೆ ಮಾಡಬಹುದು. ಆ ಸಂಖ್ಯೆಯನ್ನು ಮಗುವಿಗೆ ಬಾಯಿಪಾಠ ಮಾಡಿಸಿ.

ಇಷ್ಟೆಲ್ಲ ನೋಡಿ ಸೇರಿಸಿದರೂ ಕೆಲವು ಸಲ ಹೊಂದುವುದಿಲ್ಲ. ಬದಲಿಸುವುದಾದರೆ ಎಂಟು ಮುಗಿದ ಕೂಡಲೇ ಬದಲಿಸಿ. ಒಂಬತ್ತರ ನಡುವೆ ಬದಲಿಸಿದರೆ ಎರಡೂ ಶಾಲೆಯ ಕಿರುಪರೀಕ್ಷೆ, ನೋಟ್ಸು ಅರ್ಧಂಬರ್ಧ ಆಗುತ್ತದೆ. ಹತ್ತರಲ್ಲಿ ಬದಲಿಸಲೇಬೇಡಿ, ಅಲ್ಲಿ ವಿಷಯಕ್ಕೆ 20 ಅಂಕ, ಪ್ರಥಮ ಭಾಷೆಗೆ 25, ಶಾಲೆಯ ಒಳಗಿನ ಮೌಲ್ಯಮಾಪನದಿಂದಲೇ ಬರುತ್ತದೆ, ಮಗುವನ್ನು ಬಲ್ಲ ಮೇಷ್ಟ್ರುಗಳೇ ಅದನ್ನು ಹಾಕಬೇಕು. ಹತ್ತರಲ್ಲಿ ಒಂದು ವಿಷಯಕ್ಕೆ ಶಿಕ್ಷಕರಿಲ್ಲ ಅಂತಾದರೆ ಆ ಒಂದು ವಿಷಯಕ್ಕೆ ಹೊರಗೆ ಹೇಳಿಸಿ, ಶಾಲೆ ಅದೇ ಇರಲಿ.