ಬೇರೆಯವರ ಮನೆಯ ಪ್ಲಾನ್ ಹಿಡಿದು ಮನೆ ಕಟ್ಟಿಸುವ ಮುನ್ನ

ನೆಂಟರ ಮನೆ ಇಷ್ಟವಾಯಿತು, ಅವರ ಪ್ಲಾನ್ ಇಸಿದುಕೊಂಡು ಅಲ್ಲಲ್ಲಿ ತಿದ್ದಿ ನಮ್ಮ 30×40 ಸೈಟಿಗೆ ಕೂರಿಸೋಣ ಎಂದು ಬಹಳ ಜನ ಹೊರಡುತ್ತಾರೆ. ಕೊಡಲು ನೆಂಟರಿಗೆ ಮನಸ್ಸಿದ್ದರೂ ಹಕ್ಕು ಇರುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನಕ್ಷೆಯ ಮೊದಲ ಒಡೆಯರು ಅದನ್ನು ಬರೆದವರೇ. ಅವರು ಸಂಬಳಕ್ಕೆ ಕೆಲಸ ಮಾಡುವವರಾದರೆ ಅವರ ಸಂಸ್ಥೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಫೀಸು ಕೊಟ್ಟವರಿಗೆ ಸಾಮಾನ್ಯವಾಗಿ ಸಿಗುವುದು ಆ ಸೈಟಿನಲ್ಲಿ ಒಂದು ಸಲ ಕಟ್ಟಿಕೊಳ್ಳುವ ಅನುಮತಿ ಅಷ್ಟೇ. ಈ ಹಕ್ಕಿಗೆ ನೋಂದಣಿ ಬೇಕಿಲ್ಲ. ಬರೆದವರು ತೀರಿಕೊಂಡ ಮೇಲೂ 60 ವರ್ಷ ಅದು ಉಳಿಯುತ್ತದೆ.

ಜೆರಾಕ್ಸ್ ಮಾಡಿದರೆ ಮಾತ್ರ ನಕಲು ಎಂದುಕೊಳ್ಳಬೇಡಿ. 14ನೇ ಸೆಕ್ಷನ್ ಪ್ರಕಾರ ಕಾಗದದ ಮೇಲಿನ ನಕ್ಷೆಯನ್ನು ಇಟ್ಟಿಗೆ-ಸಿಮೆಂಟಿನಲ್ಲಿ ಎಬ್ಬಿಸುವುದೂ ನಕಲೇ. ಕಟ್ಟಡದ ಫೋಟೊ ತೆಗೆಯಲು, ಚಿತ್ರ ಬರೆಯಲು 52ನೇ ಸೆಕ್ಷನ್ ಅಡ್ಡಿ ಮಾಡುವುದಿಲ್ಲ. ಆ ಚಿತ್ರ ಹಿಡಿದು ಅದೇ ಮನೆಯನ್ನು ಇನ್ನೊಂದು ಕಡೆ ಕಟ್ಟುವುದು ಬೇರೆ ಮಾತು. ‘ಶೇ 30ರಷ್ಟು ಬದಲಿಸಿದರೆ ತೊಂದರೆಯಿಲ್ಲ’ ಎಂದು ಮೇಸ್ತ್ರಿಗಳಿಂದ ಹಿಡಿದು ಡ್ರಾಫ್ಟ್ಸ್‌ಮನ್‌ಗಳವರೆಗೆ ಹೇಳುವವರಿದ್ದಾರೆ. ಅಂಥ ಲೆಕ್ಕ ಕಾನೂನಿನಲ್ಲಿ ಎಲ್ಲೂ ಇಲ್ಲ. ಎಡವನ್ನು ಬಲ ಮಾಡಿ, ಬೆಡ್‌ರೂಮನ್ನು ಎರಡಡಿ ಎಳೆದು, ಬಾಗಿಲೊಂದನ್ನು ಸರಿಸಿದರೂ ಮೂಲದ ಮುಖ್ಯ ಭಾಗ ಹಾಗೇ ಉಳಿದಿದ್ದರೆ ಅದು ನಕಲೇ.

ಆದರೆ ಯಾರ ಸೊತ್ತೂ ಅಲ್ಲದ್ದು ಬೇಕಾದಷ್ಟಿದೆ. ಆಗ್ನೇಯದ ಅಡುಗೆಮನೆ, ಈಶಾನ್ಯದ ದೇವರಮನೆ, ನಡುವೆ ತೊಟ್ಟಿ, ಹಾಲಿನೊಳಗಿಂದಲೇ ಏರುವ ಮೆಟ್ಟಿಲು: ಇವೆಲ್ಲ ಕಲ್ಪನೆಗಳು, ಯಾರು ಬೇಕಾದರೂ ಬಳಸಬಹುದು. ಕಟ್ಟುವ ವಿಧಾನಕ್ಕೂ ಹಕ್ಕುಸ್ವಾಮ್ಯ ಇಲ್ಲವೆಂದು ಅದೇ ಕಾಯ್ದೆಯ 13(5)ನೇ ಸೆಕ್ಷನ್ ನೇರವಾಗಿಯೇ ಹೇಳುತ್ತದೆ. ಹಾಗಾಗಿ ನೆಂಟರ ಮನೆಯ ಫಿಲ್ಲರ್ ಸ್ಲ್ಯಾಬ್ (ಕಾಂಕ್ರೀಟಿನ ನಡುವೆ ಹೆಂಚಿನಂಥದ್ದನ್ನು ತುಂಬಿ ಹಾಕುವ ತಾರಸಿ) ಹಿಡಿಸಿದ್ದರೆ ಧಾರಾಳವಾಗಿ ಹಾಕಿಸಿ. ನಿಮ್ಮ ಆರ್ಕಿಟೆಕ್ಟ್ ಕೈಗೆ ಹಳೆಯ ಶೀಟು ಕೊಡುವ ಬದಲು ಒಂದು ಪಟ್ಟಿ ಕೊಡಿ: ಎಷ್ಟು ಕೋಣೆ, ಯಾವುದು ಎಷ್ಟು ಅಡಿ, ಬೆಳಕು ಎಲ್ಲಿಂದ ಬರಬೇಕು, ಆ ಮನೆಯಲ್ಲಿ ಹಿಡಿಸಿದ್ದೇನು, ಏಕೆ. ಅದನ್ನಿಟ್ಟುಕೊಂಡು ಅವರು ಹೊಸದಾಗಿ ಬರೆಯಲಿ. ನಮ್ಮ ಪ್ರಕಾರ ಹತ್ತರಲ್ಲಿ ಒಂಬತ್ತು ಮನೆಗಳಿಗೆ ಇದೇ ಸರಿಯಾದ ದಾರಿ.

ಅದೇ ಪ್ಲಾನ್ ಬೇಕೇ ಬೇಕು ಎನ್ನುವವರು ಶೀಟಿನ ಟೈಟಲ್ ಬ್ಲಾಕ್ ನೋಡಿ. ಸಾಮಾನ್ಯವಾಗಿ ಕೆಳಗಿನ ಬಲಮೂಲೆಯಲ್ಲಿ ಬರೆದವರ ಹೆಸರು, ನೋಂದಣಿ ಸಂಖ್ಯೆ ಇರುತ್ತದೆ. ಅವರನ್ನೇ ಕೇಳಿ. ಫೋನಿನಲ್ಲಿ ‘ಆಯ್ತು, ಮಾಡ್ಕೊಳ್ಳಿ’ ಎಂದರೆ ಸಾಲದು, ಪರವಾನಗಿ ಬರವಣಿಗೆಯಲ್ಲೇ ಇರಬೇಕೆಂಬುದು 30ನೇ ಸೆಕ್ಷನ್. ಪತ್ರದಲ್ಲಿ ನಿಮ್ಮ ಸೈಟಿನ ನಂಬರು-ವಿಳಾಸ, ಎಷ್ಟು ಮನೆ ಕಟ್ಟಬಹುದು, ತಿದ್ದುಪಡಿಗೆ ಒಪ್ಪಿಗೆ ಇದೆಯೇ, ತಿದ್ದುವವರು ಯಾರು, ಆಟೊಕ್ಯಾಡ್ ಫೈಲ್ (ಕಂಪ್ಯೂಟರಿನಲ್ಲಿ ತಿದ್ದಬಹುದಾದ ನಕ್ಷೆ) ಕೊಡುತ್ತಾರೆಯೇ, ಕಾಲಂ-ಪಾಯದ ಸ್ಟ್ರಕ್ಚರಲ್ ಡ್ರಾಯಿಂಗ್ ಸೇರಿದೆಯೇ, ಫೀಸು ಎಷ್ಟು ಎಂಬುದೆಲ್ಲ ಬರಲಿ. ತಿದ್ದುವ ಒಪ್ಪಿಗೆಯನ್ನೇ ಹೆಚ್ಚಿನವರು ಬರೆಸಿಕೊಳ್ಳಲು ಮರೆಯುತ್ತಾರೆ, ಜಗಳವೂ ಅಲ್ಲಿಂದಲೇ ಶುರುವಾಗುತ್ತದೆ. ಹಕ್ಕನ್ನೇ ಪೂರ್ತಿ ಬರೆಸಿಕೊಳ್ಳುವುದಾದರೆ ಅವಧಿ ನಮೂದಿಸಲೇಬೇಕು; ಇಲ್ಲದಿದ್ದರೆ 19ನೇ ಸೆಕ್ಷನ್ ಅದನ್ನು 5 ವರ್ಷ ಎಂದೇ ಎಣಿಸುತ್ತದೆ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಪಾಲಿಕೆಯಿಂದ ನಕ್ಷೆ ತರಿಸುತ್ತೇವೆ ಎಂಬ ಉಪಾಯವೂ ಕೆಲಸಕ್ಕೆ ಬಾರದು. ಖಾಸಗಿಯವರ ಹಕ್ಕುಸ್ವಾಮ್ಯಕ್ಕೆ ಧಕ್ಕೆಯಾಗುವಂತಿದ್ದರೆ 2005ರ ಕಾಯ್ದೆಯ 9ನೇ ಸೆಕ್ಷನ್ ಅಡಿ ಅರ್ಜಿಯನ್ನು ನಿರಾಕರಿಸಬಹುದು. ಪ್ರತಿ ಕೈಗೆ ಬಂದರೂ ಕಟ್ಟುವ ಅನುಮತಿ ಅದರ ಜೊತೆ ಬರುವುದಿಲ್ಲ.

ನಿಮ್ಮದೇ ಹಳೆಯ ಮನೆ ಬಿದ್ದು ಹೋಗಿ ಅದನ್ನು ಮೊದಲಿನ ನಕ್ಷೆಯಂತೆಯೇ ಮತ್ತೆ ಕಟ್ಟುವುದಾದರೆ ಭಯವಿಲ್ಲ. ಮೊದಲು ಕಟ್ಟಿದ್ದು ಹಕ್ಕುದಾರರ ಒಪ್ಪಿಗೆಯಿಂದ ಆಗಿರಬೇಕು, ಅಷ್ಟೇ. ಪಕ್ಕದ ಸೈಟಿನಲ್ಲಿ ಮಗನಿಗೂ ಅಂಥದ್ದೇ ಇನ್ನೊಂದು ಕಟ್ಟಲು ಈ ವಿನಾಯಿತಿ ಸಿಗದು.

ಕದ್ದು ಕಟ್ಟಿದರೆ ಏನಾಗುತ್ತದೆ? ಕೆಲಸ ಶುರುವಾದ ಮೇಲೆ ಅದನ್ನು ನಿಲ್ಲಿಸುವ ಅಥವಾ ಮನೆ ಕೆಡವಿಸುವ ಆದೇಶವನ್ನು ಹಕ್ಕುದಾರರು ಪಡೆಯಲಾಗದು ಎನ್ನುತ್ತದೆ 59ನೇ ಸೆಕ್ಷನ್. ಕಟ್ಟುವ ಕ್ರಿಯೆ 63ನೇ ಸೆಕ್ಷನ್ನಿನ ಅಪರಾಧವೂ ಅಲ್ಲ. ಇದನ್ನೇ ಧೈರ್ಯ ಎಂದುಕೊಳ್ಳಬೇಡಿ. ಕೆಲಸ ಶುರುವಾಗುವ ಮೊದಲೇ ತಡೆಯಾಜ್ಞೆ ಬರಬಹುದು, ಆಮೇಲೆ ಪರಿಹಾರದ ದಾವೆ ಬರಬಹುದು. ಇನ್ನು ಟೈಟಲ್ ಬ್ಲಾಕ್ ಅಳಿಸಿ ಬೇರೆ ಹೆಸರು ಹಾಕುವುದು, ಸಹಿ ನಕಲು ಮಾಡುವುದು ಇವೆಲ್ಲ ಬೇರೆಯೇ ಅಪರಾಧಗಳಾಗುತ್ತವೆ.

ಹಕ್ಕಿನ ಮಾತು ಬಗೆಹರಿದರೂ ಕಾಲಂ, ಪಾಯದ ಡ್ರಾಯಿಂಗನ್ನು ಯಾವ ಕಾರಣಕ್ಕೂ ಎತ್ತಿಕೊಳ್ಳಬೇಡಿ. ಬೆಂಗಳೂರಿನ ಕೆಂಪು ಮಣ್ಣಿಗೆ ಲೆಕ್ಕ ಹಾಕಿದ ಪಾಯ, ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಧಾರವಾಡದ ಎರೆಮಣ್ಣಿನಲ್ಲಿ ಗೋಡೆ ಸೀಳಿಸುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ಸ್ಟ್ರಕ್ಚರಲ್ ಎಂಜಿನಿಯರ್ ಕೈಯಲ್ಲಿ ನಿಮ್ಮ ಸೈಟಿಗೆಂದೇ ಬರೆಸಿ. ಸೆಟ್‌ಬ್ಯಾಕ್ (ಮನೆಯ ಸುತ್ತ ಬಿಡಬೇಕಾದ ಖಾಲಿ ಜಾಗ) ಕೂಡ ರಸ್ತೆಯ ಅಗಲ, ಸೈಟಿನ ಅಳತೆಗೆ ತಕ್ಕಂತೆ ಬದಲಾಗುತ್ತದೆ.

ಆನ್‌ಲೈನಿನಲ್ಲಿ ಪ್ಲಾನ್ ಕೊಳ್ಳುವವರು ದುಡ್ಡು ಕಟ್ಟುವ ಮುಂಚೆ ಪರವಾನಗಿಯ ಷರತ್ತು ಓದಿ: ಎಷ್ಟು ಕಟ್ಟಡಕ್ಕೆ, ತಿದ್ದಲು ಬಿಡುತ್ತಾರೆಯೇ, ಪಿಡಿಎಫ್ ಮಾತ್ರವೇ ಅಥವಾ ಕ್ಯಾಡ್ ಫೈಲೂ ಸಿಗುತ್ತದೆಯೇ. ಷರತ್ತಿನ ಪ್ರತಿ, ರಸೀದಿ ಎರಡನ್ನೂ ಮನೆಯ ಪತ್ರಗಳ ಜೊತೆಗೇ ಇಡಿ.