ಎಲ್ಲರೂ ಡಾ. ಮಂಜುನಾಥ್: ಹೆಸರೊಂದರಿಂದ ನೋಂದಣಿ ದಾಖಲೆ ಬೇರ್ಪಡಿಸಿದ ಬಗೆ

ಆಸ್ಪತ್ರೆಗಳ ವೈದ್ಯರ ಪಟ್ಟಿ ಪರಿಶೀಲಿಸುವವರಿಗೆಲ್ಲ ಈ ಗೋಳು ಗೊತ್ತು. ಪಟ್ಟಿಯಲ್ಲಿ ‘ಡಾ. ಎಚ್.ಎಸ್. ಮಂಜುನಾಥ್, ಎಂಬಿಬಿಎಸ್, ಎಂಡಿ’ ಎಂದಷ್ಟೇ ಇರುತ್ತದೆ, ವೈದ್ಯಕೀಯ ಪರಿಷತ್ತು ಕೊಟ್ಟ ನೋಂದಣಿ ಸಂಖ್ಯೆಯ ಕಾಲಂ ಖಾಲಿ. ಇವರು ಯಾವ ಮಂಜುನಾಥ್ ಎಂದು ನಂಬರ್ ಇಲ್ಲದೆ ಗುರುತಿಸಲು ಆಗದು, ವಾಪಸ್ ಕಳಿಸಿ ಎಂಬುದೇ ಈ ಕಸುಬಿನಲ್ಲಿರುವವರ ಮಾತು. ಆಗುತ್ತದೆ. ನಾನು ಬೇರ್ಪಡಿಸಿಟ್ಟ ಪಟ್ಟಿಗೆ ಆಮೇಲೆ ಪ್ರಮಾಣಪತ್ರಗಳ ಜೆರಾಕ್ಸ್ ಬಂದವು. ತಾಳೆ ನೋಡಿದರೆ ‘ಖಚಿತ’ ಎಂದು ಗುರುತು ಹಾಕಿದ್ದ ಸಾಲುಗಳಲ್ಲಿ ಒಂದೂ ಅಲುಗಲಿಲ್ಲ.

ಹಣ ಹಾಳಾದದ್ದು ಎಲ್ಲೆಂದು ಮೊದಲು ಹೇಳುತ್ತೇನೆ. ಇಂಟರ್ನೆಟ್ಟಿನಲ್ಲಿ ಈ ಹೆಸರು ಹುಡುಕಿದರೆ ಪುಟಗಟ್ಟಲೆ ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದು 2024ರಲ್ಲಿ ಸಂಸದರಾದ ಸಿ.ಎನ್. ಮಂಜುನಾಥ್ ಅವರೇ ಬರುತ್ತಾರೆ. ಉಳಿದವರು ಅವರ ಹಿಂದೆ ಮರೆಯಾಗುತ್ತಾರೆ. ಹೆಸರು ಹೊಂದಿಸುವ ಸಾಫ್ಟ್‌ವೇರಿಗೆ ವರ್ಷಕ್ಕೆ ಎಂಟೊಂಬತ್ತು ಸಾವಿರ ಹೋಯಿತು. ಅದರೊಳಗಿದ್ದದ್ದು ಸೌಂಡೆಕ್ಸ್, ಇಂಗ್ಲಿಷ್ ಉಚ್ಚಾರಣೆ ನೋಡಿ ಹೆಸರಿಗೆ ಗುರುತು ಕೊಡುವ ಸೂತ್ರ. ಆ ಸೂತ್ರದಲ್ಲಿ ಮಂಜುನಾಥ್, ಮಂಜುನಾಥಯ್ಯ, ಮಂಜುನಾಥಪ್ಪ ಮೂರಕ್ಕೂ ಎಂ525 ಎಂಬ ಒಂದೇ ಗುರುತು. ಇನ್ನೊಂದು ಕಡೆ, ಮೊದಲ ಇಂಗ್ಲಿಷ್ ಅಕ್ಷರವನ್ನು ಹಾಗೇ ಹಿಡಿದುಕೊಳ್ಳುವುದರಿಂದ ಜೆ ಹಾಕಿ ಬರೆದ ಜ್ಞಾನೇಶನೂ ಜಿ ಹಾಕಿ ಬರೆದ ಜ್ಞಾನೇಶನೂ ಅದಕ್ಕೆ ಬೇರೆ ಬೇರೆ. ಈಶ್ವರನ ಇ–ಐ ಕಥೆಯೂ ಅಷ್ಟೆ. ನಮ್ಮ ಹೆಸರುಗಳಿಗೆ ಇದನ್ನು ಕೊಳ್ಳಬೇಡಿ. ಸಾಲಿಗೆ ಹದಿನೈದು ರೂಪಾಯಿಯಂತೆ ಡೇಟಾ ಎಂಟ್ರಿಯವರಿಗೆ ಕೊಟ್ಟದ್ದೂ ಕೈಗೂಡಲಿಲ್ಲ. ಇನಿಷಿಯಲ್ ಒಂದೇ ಇದ್ದ ಅಣ್ಣತಮ್ಮಂದಿರು ಅಲ್ಲಿ ಒಬ್ಬರೇ ಆಗಿಬಿಟ್ಟಿದ್ದರು.

ಧರ್ಮಸ್ಥಳ, ಕದ್ರಿಗಳ ಮಂಜುನಾಥನ ಹೆಸರನ್ನು ಎಲ್ಲ ಜಾತಿ, ಎಲ್ಲ ಜಿಲ್ಲೆಯವರೂ ಇಡುತ್ತಾರೆ. ಆದ್ದರಿಂದ ಹೆಸರಿನಿಂದ ಊರನ್ನೋ ಸಮುದಾಯವನ್ನೋ ಊಹಿಸಲು ಹೋಗಬಾರದು. ಕೆಲಸಕ್ಕೆ ಬರುವುದು ಇನಿಷಿಯಲ್. ಹಳೇ ಮೈಸೂರು ಕಡೆ ಸಾಮಾನ್ಯವಾಗಿ ಮೊದಲನೆಯದು ಊರು, ಎರಡನೆಯದು ತಂದೆ. ಎಚ್.ಎಸ್. ಎಂದರೆ ಹಾಸನವೋ ಹೊಸದುರ್ಗವೋ ಇರಲಿ, ಭಾರತೀಯ ವೈದ್ಯಕೀಯ ರಿಜಿಸ್ಟರಿನ (ದೇಶದ ನೋಂದಾಯಿತ ವೈದ್ಯರ ಪಟ್ಟಿ) ಸಾಲಿನಲ್ಲಿರುವ ತಂದೆಯ ಹೆಸರು ಎಸ್‌ನಿಂದ ಶುರುವಾಗಬೇಕು. ಆಗಲಿಲ್ಲವೆಂದರೆ ಆ ಸಾಲನ್ನು ಪಕ್ಕಕ್ಕಿಡಿ. ಉತ್ತರ ಕರ್ನಾಟಕದವರಲ್ಲಿ ತಂದೆಯ ಹೆಸರು ನಡುವೆ ಬಂದು ಕೊನೆಗೆ ಪಾಟೀಲ, ಹಿರೇಮಠ ಎಂಬ ಅಡ್ಡಹೆಸರು ಇರುತ್ತದೆ. ಮದುವೆಯಾದ ವೈದ್ಯೆಯರ ಸಾಲಿನಲ್ಲಿ ಆ ಕಾಲಂನಲ್ಲಿ ಗಂಡನ ಹೆಸರಿರಬಹುದು. ಅಲ್ಲಿ ಈ ಪರೀಕ್ಷೆ ಬಳಸಬೇಡಿ.

ಇನ್ನು ವಿಶ್ವವಿದ್ಯಾಲಯ. ನನಗೆ ಅತಿ ಹೆಚ್ಚು ಸಾಲು ಬಿಡಿಸಿಕೊಟ್ಟ ಕಾಲಂ ಇದೇ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿದ್ದು 1996ರಲ್ಲಿ. 1992ರ ಎಂಬಿಬಿಎಸ್ ಮುಂದೆ ಆ ಹೆಸರು ಕಂಡರೆ ಇಬ್ಬರ ದಾಖಲೆ ಬೆರೆತಿದೆ ಅಥವಾ ಯಾರೋ ಅಂದಾಜಿನಲ್ಲಿ ತುಂಬಿದ್ದಾರೆ. ಅದಕ್ಕೂ ಹಿಂದಿನವರಲ್ಲಿ ಹುಬ್ಬಳ್ಳಿಯವರಿಗೆ ಕರ್ನಾಟಕ ವಿವಿ, 1980ರ ನಂತರ ಕಲಬುರಗಿಯವರಿಗೆ ಗುಲ್ಬರ್ಗ ವಿವಿ. ಮಣಿಪಾಲದವರಿಗೆ ಆರಂಭದಲ್ಲಿ ಕರ್ನಾಟಕ ವಿವಿ, ಆಮೇಲೆ ಮೈಸೂರು ವಿವಿ, 1980ರಿಂದ ಮಂಗಳೂರು ವಿವಿ. 1993ರಲ್ಲಿ ಮಣಿಪಾಲವೇ ಡೀಮ್ಡ್, ಅಂದರೆ ತಾನೇ ಪದವಿ ಕೊಡುವ ವಿವಿ ಆಯಿತು. ಹಳೆಯ ವಿವಿಗಳ ಹೆಸರು 1996ರ ನಂತರವೂ ಕೆಲವು ವರ್ಷ ಬರುತ್ತದೆ, ಅದಕ್ಕೆ ಗಾಬರಿ ಬೇಡ. ‘ಕೆಎಂಸಿ’ ಎಂದು ಕಂಡಲ್ಲಿ ಮಾತ್ರ ನಿಲ್ಲಿ. ಅದು ಕರ್ನಾಟಕ ವೈದ್ಯಕೀಯ ಪರಿಷತ್ತೂ ಆಗಬಹುದು, ಮಣಿಪಾಲ–ಮಂಗಳೂರಿನ ಕಸ್ತೂರ್ಬಾ ಕಾಲೇಜೂ ಆಗಬಹುದು, ಹುಬ್ಬಳ್ಳಿಯ ಹಳೆಯ ಕರ್ನಾಟಕ ಮೆಡಿಕಲ್ ಕಾಲೇಜೂ ಆಗಬಹುದು.

ನಾನು ನಡೆಸುವುದು ಹೀಗೆ. ಎಕ್ಸೆಲ್‌ನಲ್ಲಿ ರಿಜಿಸ್ಟರಿನಲ್ಲಿ ಸಿಕ್ಕ ಒಂದು ನೋಂದಣಿಗೆ ಒಂದು ಸಾಲು. ಒಬ್ಬ ವ್ಯಕ್ತಿಗೆ ಒಂದು ಸಾಲು ಎಂದು ಶುರು ಮಾಡಲೇಬಾರದು. ಪರಿಷತ್ತು, ನೋಂದಣಿ ಸಂಖ್ಯೆ, ವರ್ಷ, ತಂದೆಯ ಹೆಸರು, ಪದವಿ, ಪದವಿಯ ವರ್ಷ, ವಿವಿ ತುಂಬಿ, ಒಂದೊಂದು ಪರಿಷತ್ತಿನೊಳಗೆ ಸಂಖ್ಯೆಯ ಏರಿಕೆ ಕ್ರಮದಲ್ಲಿ ಜೋಡಿಸುತ್ತೇನೆ. ಸಂಖ್ಯೆ ಏರಿದಂತೆ ವರ್ಷವೂ ಏರಬೇಕು. ಏರದ ಕಡೆ ಟೈಪಿಂಗ್ ತಪ್ಪೋ, ಇಂಟರ್ನ್‌ಶಿಪ್ ಕಾಲದ ತಾತ್ಕಾಲಿಕ ನೋಂದಣಿ ಸಂಖ್ಯೆಯೋ ನುಸುಳಿರುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಾಲಂ ಕೂಡಿದರೆ ಮಾತ್ರ ಎರಡು ಸಾಲು ಒಂದಾಗಬೇಕು, ಒಂದೇ ಗಟ್ಟಿ ವಿರೋಧ ಸಿಕ್ಕರೂ ಬೇರೆಯಾಗಬೇಕು. ಮೊದಲ ಖಾಯಂ ನೋಂದಣಿಯಾದ ಎರಡನೇ ವರ್ಷಕ್ಕೇ ಎಂಡಿ ಎಂದರೆ ಅದು ಗಟ್ಟಿ ವಿರೋಧ, ಏಕೆಂದರೆ ಎಂಡಿಗೇ ಮೂರು ವರ್ಷ ಬೇಕು. ಊರು, ಸ್ಪೆಲ್ಲಿಂಗ್, ಕೆಲಸದ ಆಸ್ಪತ್ರೆ ಇವೆಲ್ಲ ಬದಲಾಗುವಂಥವು. ಇವುಗಳ ಮೇಲೆ ತೀರ್ಪು ಕೊಡುವುದಿಲ್ಲ. ಯಾವ ಕಾಲಂಗೆ ಎಷ್ಟು ಅಂಕ ಎಂಬ ನನ್ನ ಲೆಕ್ಕ ಮಾತ್ರ ನನ್ನಲ್ಲೇ ಇರಲಿ. ಹುಡುಕುವಾಗ ಹೆಸರನ್ನು ಇಂಗ್ಲಿಷಿನಲ್ಲಿ ‘ಮಂಜುನ್’ ತನಕ ಬರೆದು ನಿಲ್ಲಿಸಿದರೆ ಕೊನೆಯ ಎ, ಎಚ್‌ಗಳ ಕಾಟ ತಪ್ಪುತ್ತದೆ.

ಗಡಿ ಜಿಲ್ಲೆಯವರಲ್ಲಿ ಒಬ್ಬರೇ ಎರಡು ಸಾಲಾಗಿ ಬರುವುದುಂಟು. ಮಹಾರಾಷ್ಟ್ರದಲ್ಲಿ ಓದಿ ಅಲ್ಲೇ ನೋಂದಾಯಿಸಿ, ಎನ್‌ಒಸಿ ತಂದು ಇಲ್ಲಿ ಹೊಸ ಸಂಖ್ಯೆ ಪಡೆದವರು ಅವರು. ತಂದೆಯ ಹೆಸರು, ಪದವಿಯ ವರ್ಷ, ವಿವಿ ಮೂರೂ ಕೂಡಿದರೆ ಸೇರಿಸಿ. ಎರಡೂ ಸಂಖ್ಯೆಗಳನ್ನು ಉಳಿಸಿಕೊಳ್ಳಿ.

ಬ್ರಿಟನ್ನಿಗೆ ಹೋದವರ ಮೇಲೂ ಇದನ್ನೇ ಪ್ರಯೋಗಿಸಿದೆ. ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್ಲಿನ ರಿಜಿಸ್ಟರ್ ಸಾರ್ವಜನಿಕ. ಏಳು ಅಂಕಿಯ ಸಂಖ್ಯೆ, ಮೊದಲ ಪದವಿಯ ವರ್ಷ, ವಿವಿ ಎಲ್ಲ ಸಿಗುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಎಷ್ಟೋ ಸಲ ತಂದೆಯ ಹೆಸರೇ ಸರ್‌ನೇಮ್ ಆಗಿರುತ್ತದೆ, ಆ ಹೆಸರಿನಿಂದ ಹುಡುಕಬೇಕು. ಅಚ್ಚುಕಟ್ಟಾಗಿ ಕೂಡಿತು. ವಕೀಲರಲ್ಲಿ ಇನ್ನೂ ಸುಲಭ: ಕೆಎಆರ್ ಎಂದು ಶುರುವಾಗುವ ಎನ್‌ರೋಲ್‌ಮೆಂಟ್ ಸಂಖ್ಯೆಯಲ್ಲೇ ವರ್ಷವಿದೆ, ನ್ಯಾಯಾಲಯಗಳ ಜಾಲತಾಣ ಇ–ಕೋರ್ಟ್ಸ್‌ನಲ್ಲಿ ಹೆಸರಿನ ಬದಲು ‘ಬಾರ್ ಕೋಡ್’ ಎಂಬಲ್ಲಿ ಆ ಸಂಖ್ಯೆ ಹಾಕಿ ಹುಡುಕಿದರೆ ಹೆಸರಿನ ಗೊಂದಲವೇ ಬರುವುದಿಲ್ಲ.

ಖರ್ಚು ಈಗ ಹೆಸರಿಗೆ ಸುಮಾರು ನಲವತ್ತು ರೂಪಾಯಿ, ಹೆಚ್ಚಿನ ಪಾಲು ಕೂಲಿಯೇ. ನೂರಕ್ಕೆ ಎಂಟೋ ಹತ್ತೋ ಸಾಲು ‘ಬಾಕಿ’ ಉಳಿಯುತ್ತವೆ. ಅವನ್ನು ಬಲವಂತದಿಂದ ಯಾರಿಗೂ ಅಂಟಿಸಬಾರದು. ಇನ್ನೊಬ್ಬರ ಶಿಸ್ತುಕ್ರಮ ನಿಮ್ಮ ಕೈಯಿಂದ ನಿರಪರಾಧಿ ವೈದ್ಯರ ಹೆಸರಿಗೆ ಅಂಟಿದರೆ ಅದನ್ನು ತೊಳೆಯಲಾಗದು. ರಿಜಿಸ್ಟರಿನಲ್ಲಿ ಸಿಗಲಿಲ್ಲವೆಂದು ‘ನೋಂದಣಿಯೇ ಇಲ್ಲ’ ಎಂದೂ ಬರೆಯಬೇಡಿ. ರಾಜ್ಯ ಪರಿಷತ್ತಿನಿಂದ ಮಾಹಿತಿ ದೆಹಲಿಗೆ ತಡವಾಗಿ ಹೋಗುತ್ತದೆ. ದಂತವೈದ್ಯರು, ಆಯುರ್ವೇದ, ಹೋಮಿಯೋಪಥಿಯವರ ರಿಜಿಸ್ಟರುಗಳೇ ಬೇರೆ. ಪ್ರತಿ ಸಾಲಿಗೂ ನೋಡಿದ ದಿನಾಂಕ ಹಾಕಿ. ಕರ್ನಾಟಕದಲ್ಲಿ ಐದು ವರ್ಷಕ್ಕೊಮ್ಮೆ ನವೀಕರಣವಿರುವುದರಿಂದ ಹೋದ ವರ್ಷದ ‘ಚಾಲ್ತಿ’ಯನ್ನು ಈ ವರ್ಷ ಮತ್ತೆ ನೋಡಲೇಬೇಕು.